ಸಿಲ್ವರ್ ಮರ ಗ್ಯಾಲರಿಗೆ ಹೋದ ಬಗೆ

ಸಿಲ್ವರ್ ಓಕ್‌ನಲ್ಲಿ ಮಾಡಿದ ಬೆಂಚು, ಸ್ಟೂಲು, ತುರಿಮಣೆ ಈ ಸಲ ಬೆಂಗಳೂರಿನ ಒಂದು ಆರ್ಟ್ ಗ್ಯಾಲರಿಯಲ್ಲಿ ಸುಮಾರು ಒಂದು ತಿಂಗಳು ಎಸಿಯಲ್ಲಿ ನಿಂತವು. ಒಂದೂ ಸೀಳಲಿಲ್ಲ, ಒಂದೂ ತಿರುಚಿಕೊಳ್ಳಲಿಲ್ಲ. ಹೆಚ್ಚು ಕಡಿಮೆ ಎಲ್ಲವೂ ಮಾರಾಟವಾದವು. "ಅದು ಪ್ಲೈವುಡ್ ಫ್ಯಾಕ್ಟರಿಗೆ ಹೋಗೋ ಮರ, ಅದರಲ್ಲಿ ಫರ್ನಿಚರ್ ಆಗಲ್ಲ" ಅನ್ನುವ ಮಾತನ್ನು ವರ್ಷಗಟ್ಟಲೆ ಕೇಳಿದ್ದೇನೆ. ಹೇಳಿದವರಲ್ಲಿ ನನಗಿಂತ ಹಿರಿಯ ಡಿಸೈನರ್‌ಗಳೂ ಇದ್ದರು. ಆಗುತ್ತೆ. ನಾನು ಹೇಗೆ ಮಾಡಿದೆ ಅಂತ ಬರೆಯುತ್ತೇನೆ. ಓದುವವರಿಗೆ ಮರಗೆಲಸ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಈ ಮರದ ಮೇಲೆ ಕಣ್ಣು ಬೀಳಲು ಕಾರಣ ದುಡ್ಡು. ಒಳ್ಳೆ ತೇಗ ಸಿಎಫ್‌ಟಿಗೆ, ಅಂದರೆ ಒಂದು ಘನ ಅಡಿಗೆ, ನಾಲ್ಕು ಸಾವಿರದ ಹತ್ತಿರ ಹೋಗಿತ್ತು. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲಿಕ್ಕೆ ಅಂತ ಹಾಕಿರುವ ಸಿಲ್ವರ್ ದಿಮ್ಮಿ, ಲಾರಿ ಬಾಡಿಗೆ ಕೊಟ್ಟು, ಸಾಮಿಲ್‌ನಲ್ಲಿ ಕುಯ್ಸಿದ ಮೇಲೂ ಏಳುನೂರು ದಾಟುತ್ತಿರಲಿಲ್ಲ. ಇದರ ತವರು ಆಸ್ಟ್ರೇಲಿಯಾ. ಅಲ್ಲಿ ಇದನ್ನು ಸಿಲ್ಕಿ ಓಕ್ ಅಂತಾರೆ, ಹಳೆ ಮನೆಗಳ ಬೀರು, ಮೇಜು, ಕಿಟಕಿ ಇದರದ್ದೇ. ನಮ್ಮಲ್ಲಿ ಮಾತ್ರ ಪ್ಯಾಕಿಂಗ್ ಪೆಟ್ಟಿಗೆ. ನನ್ನ ಜೊತೆ ಹದಿನೈದು ವರ್ಷದಿಂದ ಇರುವ ಆಚಾರ್ರು ಮೊದಲ ದಿಮ್ಮಿ ನೋಡಿದಾಗಲೇ ಹೇಳಿದ್ದರು: "ಸಾರ್, ಇದು ಕಾಂಕ್ರೀಟ್ ಹಾಕುವಾಗ ಕೆಳಗೆ ಕೊಡೋ ಸೆಂಟ್ರಿಂಗ್ ಹಲಗೆ. ಇದರಲ್ಲಿ ಕುರ್ಚಿ ಮಾಡಿದ್ರೆ ನಿಮ್ಮ ಹೆಸರಿನ ಜೊತೆ ನನ್ನ ಹೆಸರೂ ಹೋಗುತ್ತೆ."

ಅವರ ಮಾತಿಗೆ ಆಧಾರ ಇತ್ತು. ಮೊದಲ ಲಾಟು ತೇವ ಬಿಡುತ್ತಾ ದೋಣಿಯ ಹಾಗೆ ಬಾಗಿತು. ಎರಡನೆಯದಕ್ಕೆ ಹುಳ ಬಿತ್ತು. ಹಲಗೆ ಕೆಳಗೆ ಸಣ್ಣ ಸಣ್ಣ ಹಿಟ್ಟಿನ ಗುಡ್ಡೆ ಕಂಡರೆ ಮುಗೀತು ಅಲ್ವಾ. ಆಮೇಲಿಂದ ಕುಯ್ದ ಕೂಡಲೇ, ಹಸಿ ಇರುವಾಗಲೇ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಲ್ಲಿ ಅದ್ದಿಸುತ್ತೇನೆ. ಒಣಗಿದ ಮೇಲೆ ಅದ್ದಿದರೆ ಒಳಗೆ ಇಳಿಯಲ್ಲ. ಮೂರನೆಯ ಲಾಟಿನಲ್ಲಿ ಮಾಡಿದ ದೊಡ್ಡ ಮೇಜು ಒಂದು ಖಾಸಗಿ ಗ್ಯಾಲರಿಯ ಗುಂಪು ಪ್ರದರ್ಶನಕ್ಕೆ ಹೋಯಿತು. ಮಳೆಗಾಲ. ವರ್ಕ್‌ಶಾಪಿನಿಂದ ಹೊರಟಾಗ ಮರದ ತೇವ ಅಳೆಯುವ ಮೀಟರ್ ಶೇಕಡಾ 15-16 ತೋರಿಸುತ್ತಿತ್ತು. ಗ್ಯಾಲರಿಯ ಎಸಿಗೆ ಒಣಗಿ ವಾರದೊಳಗೆ ಟಾಪ್ ಮಧ್ಯಕ್ಕೆ ಸೀಳಿತು. ಗ್ಯಾಲರಿಯವರು ಕೂಡಲೇ ತೆಗೆಸಿದರು. ಮರ, ಕೂಲಿ, ಸಾಗಾಟ ಎಲ್ಲಾ ಸೇರಿ ಒಂದು ಲಕ್ಷದ ಮೇಲೆ ಹೋಯಿತು. ಆ ಟಾಪನ್ನು ಬಿಸಾಡಲಿಲ್ಲ. ಸೀಳಿನ ಮೇಲೆ ಚಿಟ್ಟೆ ಆಕಾರದ ಮರದ ತುಂಡು ಕೂರಿಸಿ ಬೆಂಚು ಮಾಡಿದೆ. ಅಮೆರಿಕದ ಹೆಸರಾಂತ ಮರಗೆಲಸಗಾರ ಜಾರ್ಜ್ ನಕಾಶಿಮಾ ಜೀವನಪೂರ್ತಿ ಮಾಡಿದ ಕೆಲಸ ಅದು. 1964ರಲ್ಲಿ ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿಗೆ ಬಂದು ಇಲ್ಲೂ ಫರ್ನಿಚರ್ ಡಿಸೈನ್ ಮಾಡಿದ್ದ ಮನುಷ್ಯ. ಬಿರುಕನ್ನು ಮುಚ್ಚಿಡದೆ ಎಲ್ಲರಿಗೂ ಕಾಣುವ ಹಾಗೆ ಹಿಡಿದು ನಿಲ್ಲಿಸುವ ಧೈರ್ಯ ಆ ಕೆಲಸದಲ್ಲಿದೆ. ಆ ಬೆಂಚು ಈಗಲೂ ನಮ್ಮ ಮನೆಯಲ್ಲಿದೆ, ಮಾರಲ್ಲ.

ಇಡೀ ವಿಷಯ ನಿಂತಿರುವುದು ಕುಯ್ಯುವುದರ ಮೇಲೆ. ಸಾಮಿಲ್‌ನವರು ದಿಮ್ಮಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬ್ರೆಡ್ಡಿನ ಲೆಕ್ಕದಲ್ಲಿ ಹಲಗೆ ಹೊಡೆದು ಕೊಡುತ್ತಾರೆ. ಸಿಲ್ವರ್ ಹಾಗೆ ಕುಯ್ದರೆ ಬಾಗದೆ ಇರಲ್ಲ. ದಿಮ್ಮಿಯನ್ನು ಮೊದಲು ನಾಲ್ಕು ಭಾಗ ಮಾಡಿಸಬೇಕು, ಆಮೇಲೆ ಪ್ರತಿ ಹಲಗೆಯೂ ತಿರುಳಿನಿಂದ ತೊಗಟೆಯ ಕಡೆಗೆ ನೇರ ಬರುವಂತೆ ಕುಯ್ಸಬೇಕು. ಟೈಮ್ ಜಾಸ್ತಿ, ವೇಸ್ಟ್ ಜಾಸ್ತಿ. ಮೈಸೂರು ರಸ್ತೆ ಕಡೆಯ ಎರಡು ಮಿಲ್‌ಗಳಲ್ಲಿ ಆಗಲ್ಲ ಅಂದರು. ಕೊನೆಗೆ ಒಬ್ಬರು ಡಬಲ್ ರೇಟಿಗೆ ಒಪ್ಪಿದರು. ನಾನು ಪಕ್ಕದಲ್ಲೇ ನಿಂತು ಪ್ರತಿ ಕುಯ್ತಕ್ಕೂ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಟ್ಟೆ.

ಹಾಗೆ ಕುಯ್ದ ಹಲಗೆಯನ್ನು ಹತ್ತರಿ ಹಿಡಿದು ನಯ ಮಾಡಿದಾಗ ಏನು ಕಾಣುತ್ತೆ ಅಂತ ಹೇಳಲೇಬೇಕು. ಗುಲಾಬಿ ಬೆರೆತ ಕಂದು ಬಣ್ಣ. ಅದರ ಮೇಲೆ ಉದ್ದಕ್ಕೂ ಅವಲಕ್ಕಿ ಚೆಲ್ಲಿದ ಹಾಗೆ ಚಕ್ಕೆ ಚಕ್ಕೆ ಹೊಳಪು. ಹಲಗೆ ಸ್ವಲ್ಪ ಓರೆ ಮಾಡಿದರೆ ಚಕ್ಕೆಗಳು ಕಪ್ಪಾಗುತ್ತವೆ, ಇನ್ನೊಂದು ಕಡೆ ತಿರುಗಿಸಿದರೆ ಮತ್ತೆ ಬೆಳ್ಳಗೆ. ಆಚಾರ್ರು ಹತ್ತರಿ ಕೆಳಗಿಟ್ಟು, ಹಲಗೆಯನ್ನು ಬಾಗಿಲ ಬೆಳಕಿಗೆ ಒಯ್ದು ತುಂಬಾ ಹೊತ್ತು ನೋಡಿದರು. ಆವತ್ತಿನಿಂದ ಸೆಂಟ್ರಿಂಗ್ ಮಾತು ಎತ್ತಿಲ್ಲ. ಒಂದು ಎಚ್ಚರಿಕೆ: ಇದರ ಧೂಳು ಕೆಲವರ ಮೈಗೆ ಆಗಲ್ಲ, ತುರಿಕೆ ಏಳುತ್ತೆ. ತುಂಬು ತೋಳಿನ ಅಂಗಿ, ಮಾಸ್ಕ್ ಬೇಕೇ ಬೇಕು.

ಒಣಗಿಸುವುದು ಹೀಗೆ. ಹಲಗೆಯ ತುದಿಗಳಿಗೆ ಮೇಣ ಬಳಿದು, ನಡುವೆ ಪಟ್ಟಿ ಕೊಟ್ಟು, ಮೇಲೆ ಭಾರ ಹೇರಿ ನೆರಳಲ್ಲಿ ಐದಾರು ತಿಂಗಳು. ಬೆಂಗಳೂರಿನ ಹವೆಯಲ್ಲಿ ಮೀಟರ್ 12ರ ಆಸುಪಾಸಿಗೆ ಬಂದು ನಿಲ್ಲುತ್ತೆ. ಮನೆ ಫರ್ನಿಚರ್‌ಗೆ ಅಷ್ಟು ಸಾಕು. ಗ್ಯಾಲರಿಗೆ ಸಾಲದು, ಅಲ್ಲಿ ಎಸಿ ನಿಲ್ಲಿಸುವುದೇ ಇಲ್ಲ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟ ಸಣ್ಣ ಕೋಣೆಯಲ್ಲಿ 9ಕ್ಕೆ ಇಳಿಸಿದ ಮೇಲೆ ಮಾತ್ರ ಜಾಯಿಂಟ್ ಹೊಡೆಯುತ್ತೇನೆ. ಕೊನೆಯ ಎರಡು ವಾರ ಆ ಕೋಣೆಯಲ್ಲಿ ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಕೊಟ್ಟ ಬೆಲೆ ಮೇಲೆ ಹೇಳಿದ್ದೇನೆ.

ಬಣ್ಣದ ಕಡೆ ಸ್ವಲ್ಪ ಆಟ ಆಡಿದೆ. ಅಡಿಕೆ ಬೇಯಿಸಿದ ಚೊಗರು ತೀರ್ಥಹಳ್ಳಿಯ ನೆಂಟರ ಮನೆಯಿಂದ ಒಂದು ಕ್ಯಾನ್ ತಂದಿದ್ದೆ. ಸುಮ್ನೆ ಬಳಿದರೆ ಕೆಂಪು ಕಂದು. ಅದರ ಮೇಲೆ ತುಕ್ಕು ಮೊಳೆ ನೆನೆಸಿಟ್ಟ ವಿನೆಗರ್ ಸವರಿದರೆ ಕಣ್ಣೆದುರೇ ಕಪ್ಪಾಗುತ್ತೆ. ಚೊಗರಿನ ಟ್ಯಾನಿನ್‌ಗೆ, ಅಂದರೆ ಅದರ ಒಗರಿನ ಅಂಶಕ್ಕೆ, ಕಬ್ಬಿಣ ಕೂಡಿದರೆ ಆಗುವ ಕಪ್ಪು ಅದು. ಚಕ್ಕೆ ಮತ್ತು ಉಳಿದ ಮರ ಬೇರೆ ಬೇರೆಯಾಗಿ ಹೀರುವ ಹಾಗೆ ಮಾಡುವ ಅಳತೆ ಸಿಗಲು ತುಂಬಾ ದಿನ ಹಿಡಿಯಿತು, ಅದೂ ನನ್ನ ಹತ್ತಿರವೇ ಇರಲಿ. ಚನ್ನಪಟ್ಟಣದ ಗೊಂಬೆ ಮಾಡುವವರ ಹಾಗೆ ಲೇತಿನಲ್ಲಿ ಅರಗು ಹಿಡಿಸಲೂ ನೋಡಿದೆ. ಅವರ ಆಲೆ ಮರದ ನಯ ಇದಕ್ಕಿಲ್ಲ. ರಂಧ್ರ ದೊಡ್ಡದು, ಅರಗು ಒಂದೇ ಸಮ ಕೂರಲಿಲ್ಲ. ಸ್ಟೂಲಿನ ಮೇಲೆ ಸ್ಪಿರಿಟ್ಟಲ್ಲಿ ಕರಗಿಸಿದ ಅರಗು ಬಳಿದರೆ ಬಿಸಿ ಕಾಫಿ ಲೋಟದ ಬಿಳಿ ಉಂಗುರ ಉಳಿಯಿತು. ಕೊನೆಗೆ ಅಗಸೆ ಎಣ್ಣೆ, ಜೇನುಮೇಣಕ್ಕೆ ಬಂದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಡಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತುತ್ತೆ. ಹರಡಿ ಒಣಹಾಕಿ.

ಗ್ಯಾಲರಿಯವರ ಹತ್ತಿರ ಒಂದೇ ಷರತ್ತು ಹಾಕಿದ್ದೆ, ಮುಟ್ಟಬೇಡಿ ಬೋರ್ಡ್ ಇರಬಾರದು. ಕೂರಲಾಗದ ಬೆಂಚು ಎಷ್ಟೇ ಚೆನ್ನಾಗಿದ್ದರೂ ನನಗೆ ಬೆಂಚಲ್ಲ. ತುರಿಮಣೆಯನ್ನು ಮೊಣಕಾಲು ಎತ್ತರದ ಸ್ಟೂಲಿಗೆ ಜೋಡಿಸಿದ್ದೆ, ನೆಲಕ್ಕೆ ಕೂರಲಾಗದವರಿಗೆ ಅಂತ. ಒಬ್ಬರು ಅಜ್ಜಿ ಅದರ ಮೇಲೆ ಕೂತು, ಕೈಯಲ್ಲಿ ಕಾಯಿ ಹಿಡಿದ ಹಾಗೆ ತಿರುಗಿಸಿ ನೋಡಿ, "ಅಲಗು ಒಂದು ಬೆರಳು ಮುಂದೆ ಬರಲಪ್ಪ" ಅಂದರು. ಮುಂದೆ ತಂದಿದ್ದೇನೆ. ಅವರು ಹೇಳಿದ್ದೇ ಸರಿ.

ದುಡ್ಡಿನ ಲೆಕ್ಕ ಅಂದಾಜಿನದು. ಬೆಂಚಿಗೆ 80 ಸಾವಿರ ಇಟ್ಟಿದ್ದೆವು. ಗ್ಯಾಲರಿಗೆ ಅದರಲ್ಲಿ 40%. ಉಳಿದ 48ರಲ್ಲಿ ಮರ ಎಂಟೊಂಬತ್ತು, ಕೂಲಿ ಹದಿನೈದು, ಒಣಗಿಸುವ ಕರೆಂಟು, ಬಾಡಿಗೆ, ಸಾಗಾಟ ಹತ್ತರ ಹತ್ತಿರ. ಕೈಗೆ ಸಿಕ್ಕಿದ್ದು ಹದಿನಾಲ್ಕು ಹದಿನೈದು ಸಾವಿರ. ಗ್ಯಾಲರಿಯಲ್ಲಿ ಇಟ್ಟ ಮಾತ್ರಕ್ಕೆ ಬೆಂಚು ಪೇಂಟಿಂಗ್ ಆಗಲ್ಲ, ಮರದ ಫರ್ನಿಚರ್‌ಗೆ 18% ಜಿಎಸ್‌ಟಿ ಬೇರೆ ಬೀಳುತ್ತೆ. ಬೆಲೆ ಹೇಳುವ ಮೊದಲೇ ಅದನ್ನು ಮಾತಾಡಿಕೊಳ್ಳಿ. ತೇಗದಲ್ಲಿ ಮಾಡಿದ್ದರೆ ಇದೇ ಬೆಲೆಗೆ ನನಗೆ ಏನೂ ಉಳಿಯುತ್ತಿರಲಿಲ್ಲ.

ಮಾಡಿ ನೋಡುವವರು ದಿಮ್ಮಿ ಆರಿಸುವಾಗ ಐದಡಿ ಸುತ್ತಳತೆಗಿಂತ ಸಣ್ಣದು ತಗೋಬೇಡಿ. ಹೀಗೆ ಕುಯ್ದಾಗ ಹಲಗೆಗೆ ಅಗಲವೇ ಸಿಗಲ್ಲ. ಕೊಂಬೆ ಕಡಿದ ಗಂಟು ಕಡಿಮೆ ಇರುವ ಕೆಳಗಿನ ಹತ್ತಡಿ ಮಾತ್ರ ಕೇಳಿ, ಮೇಲಿನದನ್ನು ಪ್ಲೈವುಡ್‌ನವರಿಗೇ ಬಿಡಿ.