ರೀಟ್‌ವೆಲ್ಡ್ ಕುರ್ಚಿಯ ಮೂರನೆಯ ಮೊಳೆ

ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಸೆಂಟ್ರಾಲ್ ಮ್ಯೂಸಿಯಂನಲ್ಲಿ ಗೆರಿಟ್ ರೀಟ್‌ವೆಲ್ಡನ ಕೆಂಪು-ನೀಲಿ ಕುರ್ಚಿಯನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಹೋದದ್ದು ಅದರ ಬಣ್ಣದ ಮೇಲಲ್ಲ, ರೀಪುಗಳು ಕೂಡುವ ಜಾಗದ ಮೇಲೆ. ಅಲ್ಲಿ ಒಂದು ಮರ ಇನ್ನೊಂದರೊಳಗೆ ಹೊಕ್ಕಿರಲಿಲ್ಲ. ಮೂರು ದಿಕ್ಕಿನಿಂದ ಬಂದ ಮೂರು ರೀಪುಗಳು ಒಂದರ ಪಕ್ಕ ಒಂದು ತಾಗಿಕೊಂಡು, ಅಲ್ಲಿಗೇ ನಿಲ್ಲದೆ, ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿದ್ದವು. ನನ್ನ ತಂದೆ ಸಾಗರದಲ್ಲಿ ನಲವತ್ತು ವರ್ಷ ಬಾಗಿಲು, ಕಿಟಕಿ, ಮಂಚಗಳನ್ನು ಮಾಡಿದವರು. ಹೈಸ್ಕೂಲು ಮುಗಿಯುವವರೆಗೆ ನಾನು ಅವರ ಶೆಡ್ಡಿನಲ್ಲಿ ಉಪ್ಪುಕಾಗದ ಉಜ್ಜಿದವನು. ಕಚ್ಚು ಹೊಡೆಯದೆ, ಅಂದರೆ ಒಂದು ಮರ ಇನ್ನೊಂದರೊಳಗೆ ಕೂರುವಂತೆ ಕೆತ್ತದೆ, ಮರಕ್ಕೆ ಮರ ಜೋಡಿಸಬಹುದೆಂದು ಆ ಶೆಡ್ಡಿನಲ್ಲಿ ಯಾರೂ ಹೇಳಿರಲಿಲ್ಲ. ಆ ರಾತ್ರಿ ಕುರ್ಚಿಯ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ಕಚ್ಚೇ ಇಲ್ಲದ ಮರ ಎಷ್ಟು ದಿನ ಕಚ್ಚಿಕೊಂಡಿರುತ್ತೆ ಮಾರಾಯ?”

ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ ನಾನು ಆ ಕುರ್ಚಿಯನ್ನು ಮಾಡಲು ಹೊರಟೆ. ಇಪ್ಪತ್ತನೆಯ ಶತಮಾನದ ಪೀಠೋಪಕರಣ ವಿನ್ಯಾಸಕಾರರಲ್ಲಿ ಬಹಳ ಮಂದಿ ವಾಸ್ತುಶಿಲ್ಪಿಗಳಾಗಿದ್ದು ಆಮೇಲೆ ಕುರ್ಚಿಗೆ ಬಂದವರು. ರೀಟ್‌ವೆಲ್ಡ್ ಬಂದದ್ದು ಅದಕ್ಕೆ ತಿರುವುಮುರುವಾದ ದಾರಿಯಲ್ಲಿ. 1888ರಲ್ಲಿ ಉಟ್ರೆಕ್ಟಿನಲ್ಲೇ ಬಡಗಿಯ ಮಗನಾಗಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಅಪ್ಪನ ಕೆಲಸಕ್ಕೆ ಸೇರಿ, 1917ರಲ್ಲಿ ಸ್ವಂತ ಕಾರ್ಖಾನೆ ತೆರೆದವನು ಅವನು. ಕುರ್ಚಿಯ ಮೊದಲ ರೂಪ 1918ರ ಸುಮಾರಿನದು, ಅದಕ್ಕೆ ಬಣ್ಣವಿರಲಿಲ್ಲ. 1919ರಲ್ಲಿ ದೆ ಸ್ಟೈಲ್ ಎಂಬ ಡಚ್ ಕಲಾ ಪತ್ರಿಕೆಯಲ್ಲಿ ಅದರ ಚಿತ್ರ ಅಚ್ಚಾಯಿತು. ಈಗ ನಾವು ಗುರುತಿಸುವ ಕೆಂಪು, ನೀಲಿ, ಹಳದಿ, ಕಪ್ಪು ಬಂದದ್ದು 1923ರ ಸುಮಾರಿಗೆ. ಹೀಗಾಗಿ, ಕಚ್ಚು ಹೊಡೆಯಲು ಬಾರದ ಕಲಾವಿದನೊಬ್ಬ ಸುಲಭದ ದಾರಿ ಹಿಡಿದ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಬಾಲ್ಯದಿಂದ ಕಚ್ಚು ಹೊಡೆದ ಕೈಯೇ ಅದನ್ನು ಬೇಡವೆಂದಿತ್ತು. ಜರ್ಮನಿಯ ಬೌಹೌಸ್ ಶಾಲೆಯಲ್ಲಿದ್ದ ಮಾರ್ಸೆಲ್ ಬ್ರೂಯರ್ 1925ರಲ್ಲಿ ಉಕ್ಕಿನ ಕೊಳವೆ ಬಾಗಿಸಿ ಕುರ್ಚಿ ಮಾಡುವ ಮುನ್ನ ಮರದ ಪಟ್ಟಿಗಳಲ್ಲಿ ಮಾಡಿದ ಕುರ್ಚಿಯನ್ನು ನೋಡಿದರೆ, ಈ ಉಟ್ರೆಕ್ಟಿನ ಬಡಗಿಯ ನೆರಳು ಎಷ್ಟು ದೂರ ಚಾಚಿತ್ತು ಎಂಬುದು ತಿಳಿಯುತ್ತದೆ.

ಕುರ್ಚಿಯ ಸಾಮಗ್ರಿ ತೀರ ಕಡಿಮೆ: ಹದಿಮೂರು ಚೌಕ ರೀಪುಗಳು, ಕೈಯಿಡಲು ಎರಡು ಚಪ್ಪಟೆ ಪಟ್ಟಿಗಳು, ಕೂರಲು ಒಂದು ಮತ್ತು ಒರಗಲು ಒಂದು ಹಲಗೆ. ಈಗಲೂ ಇಟಲಿಯ ಕಸೀನಾ ಕಂಪನಿ ಪರವಾನಗಿ ಪಡೆದು ಇದನ್ನು ತಯಾರಿಸುತ್ತದೆ. ನಾನು ಮಾಡಿದ್ದು ಮನೆಯ ಬಳಕೆಗೆ, ಕಲಿಯುವುದಕ್ಕೆ ಮಾತ್ರ. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿರುವ ಪ್ರತಿಯ ಎತ್ತರ 86.7, ಅಗಲ 66, ಆಳ 83.8 ಸೆಂಟಿಮೀಟರ್, ಕೂರುವ ಎತ್ತರ 33 ಸೆಂಟಿಮೀಟರ್. ಕೈಯಲ್ಲಿ ಮಾಡಿದ ಹಳೆಯ ಪ್ರತಿಗಳ ಅಳತೆ ಒಂದಕ್ಕಿಂತ ಒಂದು ತುಸು ಬೇರೆ. ಹಾಗಾಗಿ ಈ ಹೊರ ಅಳತೆಯನ್ನು ಆಧಾರವಾಗಿಟ್ಟುಕೊಂಡು, ತಂದೆಯವರು ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲಿನ ಪೂರ್ತಿ ಅಳತೆಯ ಗೆರೆ ಎಳೆಯುತ್ತಿದ್ದಂತೆ, ನಾನೂ ಒಂದು ಪ್ಲೈವುಡ್ ಹಾಳೆಯ ಮೇಲೆ ಕುರ್ಚಿಯ ಪಕ್ಕದ ನೋಟವನ್ನು ನಿಜವಾದ ಗಾತ್ರದಲ್ಲೇ ಬರೆದುಕೊಂಡೆ. ಅಳತೆಗೋಲಿನ ಅಂಕಿಗಿಂತ ಆ ಗೆರೆಯ ಮೇಲೆ ರೀಪನ್ನು ಮಲಗಿಸಿ ಗುರುತು ಹಾಕುವುದು ಹೆಚ್ಚು ನಂಬಿಕೆಯ ಕೆಲಸ.

ಮರಕ್ಕೆ ಬೀಚ್ ಎಂಬ ಗಟ್ಟಿ ಜಾತಿಯನ್ನು ಆರಿಸಿಕೊಂಡೆ. ನಾನಿರುವ ಕಡೆ ಸುಲಭವಾಗಿ ಸಿಗುತ್ತದೆ, ಎಳೆ ನೇರ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಬಡಾವಣೆಯ ಜನ ಸೇರಿ ನಡೆಸುವ ಮರಗೆಲಸದ ಶೆಡ್ಡಿನಲ್ಲಿ ಎಲ್ಲ ರೀಪುಗಳನ್ನೂ 33 ಮಿಲಿಮೀಟರ್ ಚೌಕಕ್ಕೆ ಯಂತ್ರದಲ್ಲಿ ಹೆರೆದುಕೊಂಡೆ. ಈ ಕೆಲಸವನ್ನು ಒಂದೇ ದಿನ, ಯಂತ್ರದ ಅಳತೆಯನ್ನು ಒಮ್ಮೆಯೂ ಅಲ್ಲಾಡಿಸದೆ ಮುಗಿಸಬೇಕು. ಕಚ್ಚಿನ ಜೋಡಣೆಯಲ್ಲಿ ಒಂದು ಮರ ಅರ್ಧ ಮಿಲಿಮೀಟರ್ ದಪ್ಪವಾದರೆ ಅಲ್ಲೇ ಉಳಿಯಲ್ಲಿ ಕೆತ್ತಿ ಸರಿಮಾಡಿಕೊಳ್ಳಬಹುದು. ಇಲ್ಲಿ ಒಂದರ ದಪ್ಪದ ಮೇಲೆ ಇನ್ನೊಂದು ಕೂರುವುದರಿಂದ, ಮುಂದಿನ ಕಾಲಿನಲ್ಲಿ ಬಿದ್ದ ಅರ್ಧ ಮಿಲಿಮೀಟರ್ ತಪ್ಪು ಹಿಂದಿನ ಅಡ್ಡಪಟ್ಟಿಗೆ ತಲುಪುವ ಹೊತ್ತಿಗೆ ಬೆಳೆದು ದೊಡ್ಡದಾಗಿರುತ್ತದೆ.

ಇನ್ನು ಜೋಡಣೆ. ಒಂದು ರೀಪು ಮೇಲಕ್ಕೆ, ಒಂದು ಅಡ್ಡಕ್ಕೆ, ಒಂದು ಹಿಂದಕ್ಕೆ ಹೋಗುತ್ತವೆ ಎನ್ನಿ. ಪ್ರತಿಯೊಂದೂ ಉಳಿದೆರಡನ್ನು 33 ಮಿಲಿಮೀಟರ್ ಚೌಕದಷ್ಟು ಜಾಗದಲ್ಲಿ ಮಾತ್ರ ಮುಟ್ಟುತ್ತದೆ. ಮುಟ್ಟುವ ಕಡೆ ಎರಡೂ ಮರಕ್ಕೆ ತೂತು ಕೊರೆದು ನಡುವೆ ದುಂಡನೆಯ ಮರದ ಮೊಳೆಯನ್ನು, ಅಂದರೆ ಡೋವೆಲನ್ನು, ಅಂಟು ಹಚ್ಚಿ ಕೂರಿಸಬೇಕು. ನಾನು 10 ಮಿಲಿಮೀಟರಿನ ಮೊಳೆ ಬಳಸಿ, ಪ್ರತಿ ಮರದಲ್ಲೂ 20 ಮಿಲಿಮೀಟರ್ ಆಳದ ತೂತು ತೆಗೆದೆ. ಒಂದೇ ರೀಪಿನಲ್ಲಿ ಅಕ್ಕಪಕ್ಕದ ಎರಡು ಮುಖಗಳಿಂದ ಬರುವ ಎರಡು ಮೊಳೆಗಳು ಒಳಗೆ ಡಿಕ್ಕಿಯಾಗುತ್ತವೆಯೇ ಎಂಬ ಭಯ ಮೊದಲಿಗಿತ್ತು. ಲೆಕ್ಕ ಹಾಕಿ ನೋಡಿದರೆ ಆಗುವುದಿಲ್ಲ: ಉಳಿದೆರಡು ರೀಪುಗಳು ಒಂದರ ಪಕ್ಕ ಒಂದು ನಿಲ್ಲುವುದರಿಂದ ಎರಡು ತೂತುಗಳ ಕೇಂದ್ರಗಳ ನಡುವೆ ಸರಿಯಾಗಿ ಒಂದು ರೀಪಿನ ದಪ್ಪದಷ್ಟು, ಅಂದರೆ 33 ಮಿಲಿಮೀಟರ್, ಅಂತರ ತಾನಾಗಿಯೇ ಉಳಿಯುತ್ತದೆ.

ಪೆನ್ಸಿಲ್ ಗುರುತನ್ನು ನಂಬಿ ಕೊರೆದ ಮೊದಲ ನಾಲ್ಕು ತೂತುಗಳಲ್ಲಿ ಎರಡು ಒಂದೊಂದು ಮಿಲಿಮೀಟರ್ ಸರಿದಿದ್ದವು. ಉಳಿದ ಕಡೆ ಅಷ್ಟು ಕಾಣದು, ಇಲ್ಲಿ ಮಾತ್ರ ಎದ್ದು ಕಾಣುತ್ತದೆ, ಏಕೆಂದರೆ ತೂತು ಸರಿದರೆ ಮೂರನೆಯ ರೀಪು ಉಳಿದೆರಡರಲ್ಲಿ ಒಂದನ್ನು ಮುಟ್ಟುವುದೇ ಇಲ್ಲ, ನಡುವೆ ಬೆಳಕು ಹಾಯುತ್ತದೆ. ಆಮೇಲೆ ಗಟ್ಟಿ ಮರದ ತುಂಡೊಂದಕ್ಕೆ ಎರಡು ಪಕ್ಕದಲ್ಲಿ ತಡೆಪಟ್ಟಿ ಹೊಡೆದು, ನಡುವೆ ಕೊರೆಯುವ ಮೊನೆ ಹಾಯಲು ಉಕ್ಕಿನ ಬುಷ್ ಕೂರಿಸಿ, ರೀಪಿನ ಮೇಲೆ ಟೋಪಿಯಂತೆ ಇಟ್ಟು ಕೊರೆಯುವ ಅಚ್ಚು ಮಾಡಿಕೊಂಡೆ. ಆ ಅಚ್ಚಿಗೆ ಒಂದಿಡೀ ಶನಿವಾರ ಹಿಡಿಯಿತು. ಅದಾದ ಮೇಲೆ ಎಲ್ಲ ತೂತುಗಳನ್ನೂ ಕೊರೆಯಲು ಎರಡು ಗಂಟೆಯೂ ಬೇಕಾಗಲಿಲ್ಲ.

ಅಷ್ಟಾದರೂ ಒಂದು ರೀಪನ್ನು ಕೆಡಿಸಿದೆ. ಕುರ್ಚಿಯ ಎಡ ಮತ್ತು ಬಲ ಮಗ್ಗುಲು ಒಂದೇ ಅಲ್ಲ, ಕನ್ನಡಿಯ ಬಿಂಬದಂತೆ ಅದಲುಬದಲು. ಹಿಂದಿನ ಎರಡು ಕಾಲುಗಳನ್ನೂ ಒಟ್ಟಿಗೆ ಇಟ್ಟು ಹುಮ್ಮಸ್ಸಿನಲ್ಲಿ ಒಂದೇ ತರಹ ಕೊರೆದುಬಿಟ್ಟೆ. ನನ್ನ ಬಳಿ ಎರಡು ಎಡಗಾಲುಗಳಾದವು. ಅಂದಿನಿಂದ ಪ್ರತಿ ರೀಪಿನ ತುದಿಯಲ್ಲೂ ಅದು ಯಾವ ಮಗ್ಗುಲಿನದು, ಯಾವ ಮುಖ ಹೊರಕ್ಕೆ ಎಂದು ಬರೆದ ಕಾಗದದ ಟೇಪು ಅಂಟಿಸಿ, ಬಣ್ಣ ಹಚ್ಚುವ ದಿನದವರೆಗೂ ಅದನ್ನು ಕೀಳಲಿಲ್ಲ.

ನಿಜವಾದ ಒಗಟು ಎದುರಾದದ್ದು ಅಂಟು ಹಾಕುವ ದಿನ. ಮೊದಲ ಎರಡು ರೀಪುಗಳು ಸುಲಭವಾಗಿ ಕೂತವು. ಮೂರನೆಯದನ್ನು ತಂದಾಗ ಒಂದು ಮೊಳೆ ಅದನ್ನು ಎಡದಿಂದ ಬಾ ಎನ್ನುತ್ತದೆ, ಇನ್ನೊಂದು ಎದುರಿನಿಂದ ಬಾ ಎನ್ನುತ್ತದೆ. ಒಂದು ಮರ ಏಕಕಾಲಕ್ಕೆ ಎರಡು ದಿಕ್ಕಿನಿಂದ ಸರಿಯಲಾರದು. ಯಾವ ಜೋಡಿಯನ್ನು ಮೊದಲು ಕೂರಿಸಿದರೂ ಕೊನೆಗೆ ಇದೇ ಗಂಟು. ಅಂಟು ಒಣಗುತ್ತಿರುವಾಗ ಹಣೆಯ ಬೆವರು ಒರೆಸಿಕೊಳ್ಳುತ್ತ ನಿಂತಿದ್ದವನಿಗೆ ಕಡೆಗೆ ತೋಚಿದ್ದಿಷ್ಟು: ಮೂರರಲ್ಲಿ ಎರಡು ಮೊಳೆಗಳು ಒಳಗಿನಿಂದ ಅಡಗಿ ಕೂರಬಹುದು, ಮೂರನೆಯದನ್ನು ಮಾತ್ರ ರೀಪು ಸ್ಥಾನಕ್ಕೆ ಬಂದ ಮೇಲೆ ಹೊರಗಿನಿಂದ ಆರಪಾರ ಕೊರೆದು ಹೊಡೆಯಬೇಕು. ಹೊರಗೆ ಉಳಿದ ತುದಿಯನ್ನು ಕತ್ತರಿಸಿ, ಮಟ್ಟಕ್ಕೆ ಉಜ್ಜಿ, ಮೇಲೆ ಕಪ್ಪು ಬಣ್ಣ ಬಳಿದರೆ ಕಾಣುವುದಿಲ್ಲ. ನಾನು ಹಾಗೆಯೇ ಮಾಡಿದೆ, ಆದಷ್ಟೂ ಕೆಳಗಿನ ಮತ್ತು ಹಿಂದಿನ ಮುಖಗಳನ್ನೇ ಆರಿಸಿಕೊಂಡೆ. ನೋಡಿದವರಿಗೆ ಮಕ್ಕಳ ಆಟಿಕೆಯಷ್ಟು ಸರಳವಾಗಿ ತೋರುವ ಈ ಗಂಟು, ಕಚ್ಚಿನ ಜೋಡಣೆಯ ಕಷ್ಟವನ್ನು ಇಲ್ಲದಂತೆ ಮಾಡಿಲ್ಲ. ಆ ಕಷ್ಟವನ್ನು ಉಳಿಯ ಕೈಯಿಂದ ತೆಗೆದು ಕೊರೆಯುವ ಅಚ್ಚಿನ ಮೇಲೂ ಜೋಡಿಸುವ ಕ್ರಮದ ಮೇಲೂ ಹೊರಿಸಿದೆ ಎಂಬುದು ನನಗೆ ಅರ್ಥವಾದದ್ದು ಆಗಲೇ. ಯಂತ್ರದಲ್ಲಿ ರಾಶಿಗಟ್ಟಲೆ ಮಾಡಬಹುದಾದ ಕುರ್ಚಿಯೆಂಬ ಕಲ್ಪನೆ ರೀಟ್‌ವೆಲ್ಡನಿಗಿತ್ತು. ಆದರೆ ಅವನ ಜೀವಮಾನದಲ್ಲಿ ಇವು ಹೊರಬಂದದ್ದು ಮುಖ್ಯವಾಗಿ ಅವನದೇ ಕೆಲಸದ ಮನೆಯಿಂದ, ಮತ್ತು ಅಲ್ಲಿ ಹುಡುಗನಾಗಿ ಸೇರಿ ಮುಂದೆ ಅದನ್ನು ವಹಿಸಿಕೊಂಡ ಗೆರಾರ್ಡ್ ವಾನ್ ದೆ ಗ್ರೂನೆಕಾನನ ಕೈಯಿಂದ, ಒಂದೊಂದಾಗಿ.

ಬಣ್ಣದ ವಿಷಯದಲ್ಲಿ ಒಂದೇ ಎಚ್ಚರಿಕೆ: ಹಳದಿಯನ್ನು ಮೊದಲು ಹಚ್ಚಿ. ರೀಪಿನ ಮೈಯೆಲ್ಲ ಕಪ್ಪು, ಕತ್ತರಿಸಿದ ತುದಿ ಮಾತ್ರ ಹಳದಿ. ಕಪ್ಪಿನ ಮೇಲೆ ಹಳದಿ ಎಷ್ಟು ಸಲ ಬಳಿದರೂ ಕೊಳೆಯಾಗಿಯೇ ಕಾಣುತ್ತದೆ. ಮೇಲಾಗಿ ಕತ್ತರಿಸಿದ ತುದಿ ಬಣ್ಣವನ್ನು ನೀರಿನಂತೆ ಕುಡಿಯುತ್ತದೆ. ತುದಿಗೆ ತೆಳುವಾಗಿ ಎರಡು ಸಲ ಹೊಡೆದು, ಉಜ್ಜಿ, ಆಮೇಲೆ ಗಟ್ಟಿಯಾಗಿ ಎರಡು ಸಲ ಹೊಡೆದು, ಟೇಪು ಸುತ್ತಿ ಕಪ್ಪಿಗೆ ಹೋದೆ. ಆ ಹಳದಿ ಕೇವಲ ಅಲಂಕಾರವೆಂದು ನನಗೆ ಈಗ ಅನ್ನಿಸುವುದಿಲ್ಲ. ಉದ್ದನೆಯ ರೀಪನ್ನು ಯಂತ್ರ ಇಲ್ಲಿ ತುಂಡರಿಸಿತು, ಇಲ್ಲವಾದರೆ ಇದು ಹೀಗೆಯೇ ಮುಂದುವರಿಯುತ್ತಿತ್ತು ಎಂದು ಅದು ಹೇಳುತ್ತದೆ. ಉಟ್ರೆಕ್ಟಿನ ಪ್ರಿನ್ಸ್ ಹೆಂಡ್ರಿಕ್‌ಲಾನ್ ಬೀದಿಯಲ್ಲಿ ಟ್ರೂಸ್ ಶ್ರೋಡರ್ ಅವರಿಗಾಗಿ, ಅವರ ಜೊತೆಗೂಡಿ, 1924ರಲ್ಲಿ ರೀಟ್‌ವೆಲ್ಡ್ ಕಟ್ಟಿದ ಮನೆಯ ಮಹಡಿಯಲ್ಲಿ ಮೂಲೆಯ ಕಿಟಕಿಗಳನ್ನು ತೆರೆದರೆ ಅಲ್ಲಿ ಕಂಬವೇ ಇಲ್ಲದೆ ಮೂಲೆ ಮಾಯವಾಗುತ್ತದೆ. ಕುರ್ಚಿಯ ತುದಿಯನ್ನು ಬಣ್ಣ ಹಚ್ಚಿ ನೋಡಿದ ಮೇಲೆ ಆ ಕಿಟಕಿಯ ಮುಂದೆ ಹೆಚ್ಚು ಹೊತ್ತು ನಿಂತೆ.

ಇನ್ನು ಕೂರುವ ಸುಖ. ಮಣೆಗಿಂತ ಎತ್ತರ, ಕುರ್ಚಿಗಿಂತ ತಗ್ಗು; ಹಲಗೆ ಗಟ್ಟಿಯಾದರೂ ಬೆನ್ನಿನ ಓರೆ ಹಿತವಾಗಿದೆ, ಅರ್ಧ ಗಂಟೆ ಓದಲು ಅಡ್ಡಿಯಿಲ್ಲ. ಏಳುವಾಗ ಮಾತ್ರ ಎರಡೂ ಅಂಗೈ ಊರಬೇಕು, ಕತ್ತಲಲ್ಲಿ ಹಾದುಹೋದರೆ ಚಾಚಿದ ತುದಿ ಮೊಣಕಾಲಿನ ಕೆಳಗೆ ತಾಗುತ್ತದೆ. ಹೊಸದಾಗಿ ಕೈಹಾಕುವವರು ರೀಟ್‌ವೆಲ್ಡ್ 1934ರಲ್ಲಿ ಪೆಟ್ಟಿಗೆಯ ಮರದ ಹಲಗೆಗಳಿಂದ ಮಾಡಿದ ಕುರ್ಚಿಯನ್ನು ಇದಕ್ಕಿಂತ ಮೊದಲು ಮಾಡಿ ನೋಡುವುದು ಒಳ್ಳೆಯದು. ಕೊಂಡವರೇ ಜೋಡಿಸಿಕೊಳ್ಳಲೆಂದು ರೂಪಿಸಿದ್ದು ಅದು. ಬರೀ ನಾಲ್ಕು ಹಲಗೆಯೆಂದು ಅವನ ಜಿಗ್‌ಜಾಗ್ ಕುರ್ಚಿಗೆ ಮಾತ್ರ ಮೊದಲೇ ಹೋಗಬೇಡಿ, ಅದರ ಓರೆ ಮೂಲೆಗಳು ಪಳಗಿದ ಕೈಯನ್ನೂ ಕಾಡುತ್ತವೆ.

ಚಳಿಗಾಲವೊಂದು ಕಳೆದ ಮೇಲೆ ತಂದೆಯವರು ನಮ್ಮ ಮನೆಗೆ ಬಂದರು. ಕುರ್ಚಿಯಲ್ಲಿ ಕೂರಿ ಎಂದರೆ ಕೂರಲಿಲ್ಲ. ಅದನ್ನು ತಲೆಕೆಳಗು ಮಾಡಿ ನೆಲದ ಮೇಲಿಟ್ಟು, ಕನ್ನಡಕ ಹಣೆಗೇರಿಸಿ, ಒಂದೊಂದೇ ಗಂಟಿನ ಮೇಲೆ ಹೆಬ್ಬೆರಳಾಡಿಸಿದರು. ಹೀಟರಿನ ಒಣ ಗಾಳಿಗೆ ಬೀಚ್ ರೀಪುಗಳು ಕೂದಲೆಳೆಯಷ್ಟು ಕುಗ್ಗಿದ್ದವು, ಮೊಳೆಗಳು ಉದ್ದದಲ್ಲಿ ಕುಗ್ಗಿರಲಿಲ್ಲ. ಹಾಗಾಗಿ ಹೊರಗಿನಿಂದ ಹೊಡೆದ ಮೊಳೆಗಳ ತಲೆ ಕಪ್ಪು ಬಣ್ಣದಡಿ ಕಣ್ಣಿಗೆ ಕಾಣದಷ್ಟು ಉಬ್ಬಿತ್ತು. ಹಿಂದಿನ ಎಡಗಾಲಿನ ಬಳಿ ಅವರ ಬೆರಳು ನಿಂತಿತು.

“ಎರಡನ್ನ ಒಳಗಿಂದ ಕೂರಿಸಿದೀಯ, ಮೂರನೇದನ್ನ ಹೊರಗಿಂದ ಹೊಡ್ದಿದೀಯ,” ಎಂದರು. “ಬೇರೆ ದಾರಿ ಇರ್ಲಿಲ್ಲ, ಅಲ್ವ?”

ಆಮೇಲೆ ಕುರ್ಚಿಯನ್ನು ನೆಟ್ಟಗಿಟ್ಟು ಕೂತರು.