ಒಂದು ಅಕ್ಷರ ಬದಲಾದ ಮಾತ್ರಕ್ಕೆ ಔಷಧ ಸೋಲುವುದಿಲ್ಲ

ಕ್ಷಯರೋಗದ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ತಜ್ಞೆಯಾಗಿರುವ ನನಗೆ, ಕಫದಲ್ಲಿ ಟಿ.ಬಿ. ಬ್ಯಾಕ್ಟೀರಿಯಾ ಇದೆಯೇ ಎಂದು ಗುರುತಿಸುವುದು ಈಗ ದೊಡ್ಡ ಕಷ್ಟವಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಪ್ರತಿ ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ಬ್ಯಾಕ್ಟೀರಿಯಾಗಳು ಇರಬೇಕಾಗುತ್ತದೆ. ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಹುಡುಕುವ ಸಿಬಿನಾಟ್ ಯಂತ್ರಕ್ಕೆ ಸುಮಾರು 130 ಇದ್ದರೂ ಸಾಕು, ಎರಡು ಗಂಟೆಯಲ್ಲಿ ಉತ್ತರ ಸಿಗುತ್ತದೆ. ಕಷ್ಟವಿರುವುದು ಆ ಬ್ಯಾಕ್ಟೀರಿಯಾ ಟಿ.ಬಿ.ಯ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನು ಅದರ ಡಿಎನ್‌ಎ ನೋಡಿ ಹೇಳುವುದರಲ್ಲಿ.

ರಿಫಾಂಪಿಸಿನ್ ಅಂಟಿಕೊಳ್ಳುವ ಪ್ರೋಟೀನನ್ನು ರೂಪಿಸುವುದು ಆರ್‌ಪಿಒಬಿ ಎಂಬ ಜೀನ್. ಅದರೊಳಗಿನ 81 ಡಿಎನ್‌ಎ ಅಕ್ಷರಗಳ ಸಣ್ಣ ಭಾಗದಲ್ಲಿಯೇ ನಿರೋಧಕ (ಔಷಧಕ್ಕೆ ಬಗ್ಗದ) ತಳಿಗಳ ಪೈಕಿ ಸುಮಾರು ಶೇ. 95ರಷ್ಟರ ಉತ್ಪರಿವರ್ತನೆಗಳು, ಅಂದರೆ ಅಕ್ಷರ ಬದಲಾವಣೆಗಳು, ಸಿಗುತ್ತವೆ. ಸಿಬಿನಾಟ್‌ನ ಮೊದಲ ಕಾರ್ಟ್ರಿಜ್‌ನಲ್ಲಿ ಈ ಭಾಗದ ಸಹಜ ಅಕ್ಷರಗಳಿಗೆ ಕೂಡಿಕೊಳ್ಳುವ ಡಿಎನ್‌ಎ ತುಣುಕುಗಳಾದ ಐದು ಪ್ರೋಬ್‌ಗಳಿದ್ದವು. ಅವುಗಳಲ್ಲಿ ಒಂದು ಕೂಡದಿದ್ದರೆ, ಅಥವಾ ತೀರಾ ತಡವಾಗಿ ಕೂಡಿದರೆ, ಯಂತ್ರ 'ರಿಫಾಂಪಿಸಿನ್ ನಿರೋಧಕ' ಎಂದು ಬರೆಯುತ್ತಿತ್ತು. ಅಲ್ಲಿ ಏನೋ ಬದಲಾಗಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಬದಲಾದದ್ದು ಏನು ಎಂಬುದು ಗೊತ್ತಿಲ್ಲ.

ಆ ಕಾರ್ಟ್ರಿಜ್ ಬಳಕೆಯಲ್ಲಿದ್ದ ಕಾಲದಲ್ಲಿ, ಹಿಂದೆಂದೂ ಟಿ.ಬಿ. ಮಾತ್ರೆ ನುಂಗದ ಒಬ್ಬ ರೋಗಿಯ ಮಾದರಿ ನಿರೋಧಕವೆಂದು ಬಂತು. ಹೊಸ ರೋಗಿಯಲ್ಲಿ ಇಂಥ ಫಲಿತಾಂಶ ಬಂದಾಗ ಹೊಸದಾಗಿ ಕಫ ತರಿಸಿ ಮತ್ತೊಮ್ಮೆ ಪರೀಕ್ಷಿಸುವುದು ನಮ್ಮ ಕ್ರಮ. ಎರಡನೆಯದೂ ಹಾಗೆಯೇ ಬಂದಾಗ, ಜೀನಿನ ಸ್ಥಿತಿಯನ್ನು ಪಟ್ಟಿಯ ಮೇಲೆ ಗೆರೆಗಳಾಗಿ ತೋರಿಸುವ ಎಲ್‌ಪಿಎ ಪರೀಕ್ಷೆಗೆ ಹಾಕಿದೆ. ಅದರ ಪಟ್ಟಿಯಲ್ಲಿ ಸಹಜ ಆರ್‌ಪಿಒಬಿ ಜೀನಿನ ಎಂಟು ಗೆರೆಗಳು, ಪರಿಚಿತ ಉತ್ಪರಿವರ್ತನೆಗಳ ನಾಲ್ಕು ಗೆರೆಗಳು ಇರುತ್ತವೆ. ಇಲ್ಲಿ ಸಹಜ ಗೆರೆಗಳಲ್ಲಿ ಒಂದು ಮೂಡಿರಲಿಲ್ಲ, ಆದರೆ ಉತ್ಪರಿವರ್ತನೆಯ ಯಾವ ಗೆರೆಯೂ ಮೂಡಿರಲಿಲ್ಲ. ಟಿ.ಬಿ.ಯ ಇನ್ನೊಂದು ಮುಖ್ಯ ಔಷಧ ಐಸೋನಿಯಾಜಿಡ್‌ಗೆ ಸಂಬಂಧಿಸಿದ ಜೀನ್‌ಗಳೆಲ್ಲ ಸಹಜವಾಗಿದ್ದವು. ಐಸೋನಿಯಾಜಿಡ್‌ಗೆ ಬಗ್ಗುವ ಬ್ಯಾಕ್ಟೀರಿಯಾ ರಿಫಾಂಪಿಸಿನ್‌ಗೆ ಮಾತ್ರ ಬಗ್ಗದಿರುವುದು ಅಷ್ಟು ಸಾಮಾನ್ಯವಲ್ಲವಾದ್ದರಿಂದ ನನಗೆ ಅನುಮಾನ ಬಲವಾಯಿತು.

ವರದಿಯಲ್ಲಿ ನಾನು 'ನಿರೋಧಕ' ಎಂದಷ್ಟೇ ಬರೆಯದೆ, 'ಸಹಜ ಗೆರೆ ಇಲ್ಲದ ಕಾರಣ ನಿರೋಧಕವೆಂದು ಊಹಿಸಲಾಗಿದೆ. ಅನುಕ್ರಮ ಪರೀಕ್ಷೆ ಬಾಕಿ ಇದೆ' ಎಂದು ನಮೂದಿಸಿ, ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಗೆ ದೂರವಾಣಿಯಲ್ಲಿಯೂ ವಿವರಿಸಿದೆ. ಜೀನಿನ ಅಕ್ಷರಗಳನ್ನು ಓದಿಸಿದಾಗ 514ನೇ ಕೋಡಾನ್‌ನಲ್ಲಿ, ಅಂದರೆ ಮೂರಕ್ಷರದ ಗುಂಪಿನಲ್ಲಿ, ಟಿಟಿಸಿ ಇರಬೇಕಾದಲ್ಲಿ ಟಿಟಿಟಿ ಇತ್ತು. ಎರಡೂ ಸೂಚಿಸುವುದು ಫೀನೈಲ್‌ಅಲನಿನ್ ಎಂಬ, ಪ್ರೋಟೀನಿನ ಘಟಕವಾದ ಒಂದೇ ಅಮೈನೋ ಆಮ್ಲವನ್ನು. ಅಕ್ಷರ ಬದಲಾದರೂ ಪ್ರೋಟೀನ್ ಬದಲಾಗಿರಲಿಲ್ಲ, ಪ್ರೋಬ್ ಮಾತ್ರ ಕೂಡಿರಲಿಲ್ಲ. ದ್ರವ ಮಾಧ್ಯಮದಲ್ಲಿ ಬೆಳೆಸಿ ರಿಫಾಂಪಿಸಿನ್ ಸೇರಿಸಿದಾಗ ಬೆಳವಣಿಗೆ ನಿಂತಿತು. ನಿರೋಧಕ ಟಿ.ಬಿ.ಗೆ ಕೊಡುವ, ನರಗಳನ್ನೂ ರಕ್ತಕಣಗಳನ್ನೂ ಬಾಧಿಸಬಲ್ಲ ಲಿನೆಜೋಲಿಡ್‌ನಂಥ ಔಷಧಗಳಿಂದ ಆ ರೋಗಿಯನ್ನು ಬಿಡಿಸಿ ವೈದ್ಯರು ಆರು ತಿಂಗಳ ಸಾಮಾನ್ಯ ಚಿಕಿತ್ಸೆಗೆ ಬದಲಾಯಿಸಿದರು. ನಂತರ ಬಂದ ಅಲ್ಟ್ರಾ ಕಾರ್ಟ್ರಿಜ್ ಪ್ರೋಬ್ ಬಿಡಿಸಿಕೊಳ್ಳುವ ಉಷ್ಣಾಂಶವನ್ನು ಅಳೆಯುವುದರಿಂದ ಈ ನಿರ್ದಿಷ್ಟ ಬದಲಾವಣೆಯನ್ನು ಬೇರೆಯಾಗಿಯೇ ಗುರುತಿಸಬಲ್ಲದು.

ಹಾಗೆಂದು ಬೆಳೆಸಿ ನೋಡುವ ಪರೀಕ್ಷೆಯೇ ಕೊನೆಯ ಮಾತು ಎಂದು ನಾನು ಒಪ್ಪುವುದಿಲ್ಲ. 533ನೇ ಕೋಡಾನ್‌ನಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಬದಲು ಪ್ರೋಲಿನ್ ಬಂದಿದ್ದರೆ ದ್ರವ ಮಾಧ್ಯಮದ ಪರೀಕ್ಷೆ ಬಹಳ ಸಲ 'ಬಗ್ಗುತ್ತದೆ' ಎಂದೇ ಹೇಳುತ್ತದೆ, ಆದರೆ ರೋಗಿಯಲ್ಲಿ ಚಿಕಿತ್ಸೆ ವಿಫಲವಾಗಬಹುದು. ಇಂಥ ಉತ್ಪರಿವರ್ತನೆಗಳ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆ ಪರೀಕ್ಷೆಯ ರಿಫಾಂಪಿಸಿನ್ ಪ್ರಮಾಣವನ್ನು ಲೀಟರ್‌ಗೆ 1 ಮಿಲಿಗ್ರಾಂನಿಂದ 0.5ಕ್ಕೆ ಇಳಿಸಿತು. ಆದ್ದರಿಂದ ಪಟ್ಟಿಯಲ್ಲಿ ಸಹಜ ಗೆರೆ ಮಾತ್ರ ಕಾಣೆಯಾದಾಗಲೆಲ್ಲ ನಾನು ಬೆಳವಣಿಗೆಯ ಫಲಿತಾಂಶಕ್ಕೆ ತೃಪ್ತಳಾಗದೆ ಅಕ್ಷರಗಳನ್ನೇ ಓದಿಸುತ್ತೇನೆ.

ನಿರೋಧಕವಾದದ್ದನ್ನು ಯಂತ್ರವೇ ಕಾಣದೆ ಹೋಗುವ, ವಿರುದ್ಧ ದಿಕ್ಕಿನ ಪ್ರಕರಣ ಇನ್ನೂ ಆತಂಕದ್ದು. 572ನೇ ಕೋಡಾನ್‌ನಲ್ಲಿ ಐಸೋಲ್ಯೂಸಿನ್ ಬದಲು ಫೀನೈಲ್‌ಅಲನಿನ್ ಬರುವ ಉತ್ಪರಿವರ್ತನೆ ಆ 81 ಅಕ್ಷರಗಳ ಹೊರಗಿದೆ. ಆಫ್ರಿಕಾದ ಎಸ್ವಾಟಿನಿಯಲ್ಲಿ ವ್ಯಾಪಕವಾಗಿ ಕಂಡುಬಂದ ಅದನ್ನು ಸಿಬಿನಾಟ್ ಆಗಲಿ ಈ ಎಲ್‌ಪಿಎ ಆಗಲಿ ಕಾಣಲಾರವು. ಹೀಗಾಗಿ ಯಂತ್ರ 'ನಿರೋಧಕವಲ್ಲ' ಎಂದಿದ್ದರೂ, ಎರಡು ತಿಂಗಳು ಕ್ರಮವಾಗಿ ಮಾತ್ರೆ ತೆಗೆದುಕೊಂಡ ರೋಗಿಯ ಕಫದಲ್ಲಿ ಬ್ಯಾಕ್ಟೀರಿಯಾ ಉಳಿದಿದ್ದರೆ, ನಾನು ಅದನ್ನು ಬೆಳೆಸಿ, ಇಡೀ ಆರ್‌ಪಿಒಬಿ ಜೀನನ್ನು ಓದಿಸುವಂತೆ ಮಾದರಿಯೊಂದಿಗೆ ಬರೆದು ಕಳುಹಿಸುತ್ತೇನೆ.