ಸೋಫಾದ ತುದಿಯಿಂದ ಮಾನಿಟರ್ ಮುಂದಕ್ಕೆ

11 ವರ್ಷ ನಾನು ಕನ್ನಡ ಧಾರಾವಾಹಿಗಳಲ್ಲಿ ಪೋಷಕ ನಟನಾಗಿದ್ದೆ. ನಾಯಕಿಯ ಚಿಕ್ಕಪ್ಪ, ಬ್ಯಾಂಕ್ ಮ್ಯಾನೇಜರ್, ಬಾಡಿಗೆ ವಸೂಲಿಗೆ ಬರುವ ಮನೆ ಮಾಲೀಕ, ಇಂಥವೇ ಪಾತ್ರಗಳು. ಎರಡು ಮಾತಾಡಿ, ಉಳಿದ ಹೊತ್ತೆಲ್ಲ ಸೋಫಾದ ತುದಿಯಲ್ಲಿ ಕುಳಿತು ಇತರರ ಸಂಭಾಷಣೆಗೆ ಮುಖಭಾವ ಕೊಡುವುದೇ ನನ್ನ ಕೆಲಸವಾಗಿತ್ತು. ನಿರ್ದೇಶನಕ್ಕೆ ಬೇಕಾದ ಪಾಠ ಅದೇ ಎಂದು ಆಗ ತಿಳಿದಿರಲಿಲ್ಲ.

ನಟರು ಹಾಸ್ಯ ಧಾರಾವಾಹಿಗಳ ನಿರ್ದೇಶಕರಾಗುವುದು ನಮ್ಮಲ್ಲಿ ಹೊಸದೇನಲ್ಲ. ದೂರದರ್ಶನದ ‘ಸಿಹಿ ಕಹಿ’ಯಿಂದ ಹೆಸರಿಗೇ ಆ ಪದವನ್ನು ಅಂಟಿಸಿಕೊಂಡ ಚಂದ್ರು ಮುಂದೆ ಈಟಿವಿ ಕನ್ನಡಕ್ಕೆ ‘ಪಾಪ ಪಾಂಡು’ ನಿರ್ದೇಶಿಸಿದ್ದು ಕಣ್ಣ ಮುಂದಿದ್ದುದರಿಂದಲೇ ನನಗೂ ಧೈರ್ಯ ಬಂದಿತ್ತು.

ಹಾಸ್ಯ ಧಾರಾವಾಹಿಯೊಂದರ ನಿರ್ದೇಶಕನಾಗಿ ಮೊದಲ ದಿನವೇ ಎಡವಿದೆ. ನಮ್ಮ ಸೆಟ್‌ಗಳಲ್ಲಿ ಸಹಾಯಕ ನಿರ್ದೇಶಕರು ಕ್ಯಾಮೆರಾ ಪಕ್ಕದಿಂದ ಸಂಭಾಷಣೆಯನ್ನು ಓದಿ ಹೇಳುತ್ತಾರೆ, ನಟರು ಕೇಳಿಸಿಕೊಂಡು ಆಡುತ್ತಾರೆ. ಅಳುವ ದೃಶ್ಯದಲ್ಲಿ ಪ್ರಾಂಪ್ಟಿಂಗ್‌ಗಾಗಿ ಕಾಯುವ ಆ ಅರೆಕ್ಷಣ ಗಾಂಭೀರ್ಯವೆಂದೇ ತೋರುತ್ತದೆ. ಹಾಸ್ಯದಲ್ಲಿ ಅದೇ ಅರೆಕ್ಷಣ ನಗುವನ್ನು ಕೊಲ್ಲುತ್ತದೆ. ಮೂರನೆಯ ಬಾರಿ ಸಾಲಕ್ಕೆ ಬಂದ ಭಾಮೈದ, “ಭಾವ, ಈ ಸಲ ಸಾಲ ಅಲ್ಲ, ಹೂಡಿಕೆ” ಎನ್ನಬೇಕಿತ್ತು. ಒಂಬತ್ತು ಟೇಕ್ ಆದರೂ ಮಾತು ಬಂತೇ ಹೊರತು ನಗು ಬರಲಿಲ್ಲ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದು ಉಳಿಯುವ 22 ನಿಮಿಷದ ಕಂತನ್ನು ಒಂದೂವರೆ ದಿನದಲ್ಲಿ ಮುಗಿಸಬೇಕಾಗಿದ್ದರಿಂದ ನಿರ್ಮಾಣ ನಿರ್ವಾಹಕರು ಪದೇಪದೇ ಗಡಿಯಾರ ನೋಡುತ್ತಿದ್ದರು.

ಪ್ರಾಂಪ್ಟಿಂಗ್ ನಿಲ್ಲಿಸಿದೆ. ಇಬ್ಬರನ್ನೂ ಊಟದ ಮೇಜಿಗೆ ಕೂರಿಸಿ, ಲೈಟಿಂಗ್ ಬದಲಾಗುವ ಹದಿನೈದು ನಿಮಿಷದಲ್ಲಿ ಬಾಯಿಪಾಠವಾಗುವವರೆಗೆ ಆಡಿಸಿದೆ. ಬಳಿಕ ಮಾತಾಡುವವನನ್ನು ಬಿಟ್ಟು ಕೇಳುವ ಭಾವನ ಮೇಲೆ ಕ್ಲೋಸಪ್ ಇಟ್ಟೆ. “ಹೂಡಿಕೆ” ಎಂಬ ಮಾತಿಗೆ, ಜೇಬಿನಿಂದ ಅರ್ಧ ಹೊರಬಂದಿದ್ದ ಪರ್ಸನ್ನು ಆತ ಸದ್ದಿಲ್ಲದೆ ಒಳಗೆ ತಳ್ಳಿ ಕಾಫಿ ಲೋಟ ಎತ್ತಿಕೊಂಡ. ಲೈಟ್ ಹಿಡಿದಿದ್ದ ಹುಡುಗ ನಕ್ಕುಬಿಟ್ಟ. ಆ ಟೇಕ್ ಹಾಳಾಯಿತು, ಆದರೆ ನನಗೆ ದಾರಿ ಸಿಕ್ಕಿತು.

ಹಿನ್ನೆಲೆಯಲ್ಲಿ ನಗುವಿನ ಸದ್ದು ಬೇಕೇ ಬೇಕೆಂದು ವಾಹಿನಿಯವರು ಪಟ್ಟು ಹಿಡಿದರು. ನನಗೆ ಅದು ಇಂದಿಗೂ ಹಿಡಿಸುವುದಿಲ್ಲ. ವಾದದಲ್ಲಿ ಸೋತೆನಾದರೂ, ಮಾತು ಮುಗಿದೊಡನೆ ಹಾಕದೆ ಕೇಳುಗನ ಮುಖ ಕಂಡ ಮೇಲೆಯೇ ಆ ಸದ್ದು ಬರುವಂತೆ ಎಡಿಟರ್‌ ಜೊತೆ ಕುಳಿತು ಸರಿಸಿದೆ.

ಈಗಲೂ ಪಾತ್ರ ಸಿಕ್ಕರೆ ಮಾಡುತ್ತೇನೆ. ಅಲ್ಲಿ ಪ್ರಾಂಪ್ಟಿಂಗ್ ಇದ್ದರೆ ತಕರಾರು ತೆಗೆಯುವುದಿಲ್ಲ. ಆ ಸೆಟ್‌ನಲ್ಲಿ ನಾನು ನಾಯಕಿಯ ಚಿಕ್ಕಪ್ಪ ಮಾತ್ರ.